ಕೊಟ್ಟ ಕೈಯ ಮಾತು

ಬ್ರೆಡ್ಡು ಬೇಯುವಾಗ ಮೊದಲು ಬರುವುದು ಹುಳಿಯ ವಾಸನೆ, ಹಿಟ್ಟು ಉಬ್ಬಿ ಕೂತದ್ದರದು. ಆಮೇಲೆ ಮೇಲಿನ ಪದರ ಕೆಂಪಗಾಗುವಾಗ ಬೇರೆಯೇ ಒಂದು ಕಂಪು ಏಳುತ್ತದೆ. ಸ್ವಲ್ಪ ಸುಟ್ಟ ಬೆಲ್ಲ, ಸ್ವಲ್ಪ ಬಿಸಿಲಿಗೆ ಕಾದ ಗೋಣಿಚೀಲ. ಆಲೂರಿನಲ್ಲಿ ನಾನೂ ನನ್ನ ಗಂಡನೂ ಬೇಕರಿ ಇಟ್ಟು ಬಹಳ ವರ್ಷಗಳಾದವು. ಈ ವಾಸನೆ ನನ್ನ ಸೀರೆಗೆ, ಕೂದಲಿಗೆ, ತಲೆದಿಂಬಿಗೆ ಹತ್ತಿಕೊಂಡು ಹೋಗಿ ಅದರಲ್ಲಿ ವಿಶೇಷವೇನೂ ಉಳಿದಿರಲಿಲ್ಲ. ಹೀಗಿರುವಾಗ ಕಳೆದ ಸಲದ ಕಾಫಿ ಹಣ್ಣಿನ ಕಾಲದಲ್ಲಿ ಒಂದು ಬೆಳಿಗ್ಗೆ, ಎಸ್ಟೇಟಿನ ಜೀಪಿನಿಂದ ಇಳಿದ ಅಸ್ಸಾಮಿನ ಕಡೆಯ ಹುಡುಗಿಯೊಬ್ಬಳು ಗಾಜಿನ ಪೆಟ್ಟಿಗೆಯತ್ತ ಬೆರಳು ಮಾಡಿ ‘ಪಾಉರುಟಿ’ ಎಂದಳು. ನನ್ನ ಗಂಡ ಗಲ್ಲಾದ ಮೇಲೆ ಕೂತವರು ತಲೆ ಎತ್ತದೆ, ‘ಕನ್ನಡದಲ್ಲಿ ಕೇಳಮ್ಮ’ ಎಂದರು. ಹುಡುಗಿ ಹೆದರಿ ‘ಬ್ರೆಡ್’ ಎಂದಳು. ಇವರಿಗೆ ಸಮಾಧಾನವಾಗಿ ಒಂದು ಪೌಂಡು ಕಟ್ಟಿಕೊಟ್ಟರು. ಬ್ರೆಡ್ಡು ಕನ್ನಡವಾದದ್ದು ಯಾವಾಗ ಎಂದು ನಾನು ಕೇಳಲಿಲ್ಲ. ಕೇಳಿದ್ದರೆ ಆ ದಿನವೆಲ್ಲ ಅದೇ ರಾಮಾಯಣವಾಗುತ್ತಿತ್ತು. ಆದರೆ ಆ ಹುಡುಗಿಯ ಬಾಯಿಂದ ಬಂದ ‘ಪಾಉ’ ಎಂಬ ಚೂರು ನನ್ನ ಕಿವಿಯಲ್ಲಿ ಕೂತದ್ದು ಏಳಲೇ ಇಲ್ಲ. ಅದನ್ನು ನಾನು ಹಿಂದೆ ಕೇಳಿದ್ದೆ, ಈ ಬೇಕರಿಗೂ ಮೊದಲು, ಮದುವೆಗೂ ಮೊದಲು, ಇದೇ ವಾಸನೆ ನನಗೆ ಹಬ್ಬದಂತಿದ್ದ ಕಾಲದಲ್ಲಿ.

ಹೆತ್ತೂರಿನಿಂದ ವನಗೂರಿನ ಕಡೆ ಹೋಗುವಾಗ ಜೀಪು ಏದುಸಿರು ಬಿಡುವ ಒಂದು ಏರಿನ ಮೇಲೆ ನಮ್ಮಪ್ಪ ರೈಟರ್ ಆಗಿದ್ದ ಎಸ್ಟೇಟು. ರೈಟರ್ ಎಂದರೆ ಆಳುಗಳ ಹಾಜರಿ ಹಾಕಿ ಕೆಲಸ ಹಂಚುವವನು. ಮೇಲಿನ ಬಂಗಲೆಯವರಿಗೂ ಕೆಳಗಿನ ಲೈನಿನವರಿಗೂ ನಡುವೆ ಸಿಕ್ಕಿಕೊಂಡು ಎರಡೂ ಕಡೆಯಿಂದ ಬೈಸಿಕೊಳ್ಳುವವನು. ನಮ್ಮ ಮನೆಯೂ ಹಾಗೆಯೇ ನಡುವೆ ಇತ್ತು. ಮುಂಬಾಗಿಲು ಬಂಗಲೆಯ ದಾರಿಗೆ ತೆರೆದರೆ, ಹಿಂದಿನ ಗೋಡೆ ಲೈನಿನ ಮೊದಲ ಮನೆಯ ಗೋಡೆಯೇ ಆಗಿತ್ತು. ಲೈನು ಎಂದರೆ ಒಂದೇ ಉದ್ದದ ಸೂರಿನ ಕೆಳಗೆ ಸಾಲಾಗಿ ಕಟ್ಟಿದ ಆಳುಗಳ ಮನೆಗಳು. ಅದರಲ್ಲಿ ಸೇಲಂ ಕಡೆಯ ತಮಿಳರಿದ್ದರು, ಘಟ್ಟದ ಕೆಳಗಿನ ತುಳುವರಿದ್ದರು, ಬೇಸಿಗೆಯಲ್ಲಿ ಬಂದು ಮರ ಕೊಯ್ದು ಹೋಗುವ ಮಲಯಾಳಿಗಳಿದ್ದರು. ಸಂಜೆ ಎಲ್ಲ ಒಲೆಗಳೂ ಒಟ್ಟಿಗೆ ಹತ್ತಿದಾಗ ಒಂದು ಬಾಗಿಲಿನಿಂದ ಒಣಮೀನು, ಇನ್ನೊಂದರಿಂದ ಹುಣಸೆ ರಸ, ಮತ್ತೊಂದರಿಂದ ತೆಂಗಿನೆಣ್ಣೆಯ ಒಗ್ಗರಣೆ. ಆಲೂರಿನ ಬಯಲಿನ ಕಡೆಯಿಂದ ಮದುವೆಯಾಗಿ ಬಂದ ನಮ್ಮವ್ವ ಮೊದಲ ವರ್ಷವೆಲ್ಲ ಸೆರಗಿನಿಂದ ಮೂಗು ಮುಚ್ಚಿಕೊಂಡೇ ಅಡಿಗೆ ಮಾಡಿದಳಂತೆ. ನಾನು ಹುಟ್ಟುವ ಹೊತ್ತಿಗೆ ಗೋಡೆಯ ಆಚೆಯ ಒಗ್ಗರಣೆ ಕೇಳಿಸದಿದ್ದರೆ ಅವಳಿಗೆ ಹೊತ್ತು ಹೋಗುತ್ತಿರಲಿಲ್ಲ.

ಗೋಡೆಯ ಆಚೆಯ ಆ ಮೊದಲ ಮನೆ ಪಾಕ್ಯಕ್ಕನದು. ಪಾಕ್ಯಕ್ಕ ತಮಿಳಿನವಳೇ, ಆದರೆ ಸೇಲಂ ಕಡೆಯ ತಮಿಳರ ಜೊತೆ ಸೇರಿಸಿದರೆ ಅವಳಿಗೂ ಸಿಟ್ಟು, ಅವರಿಗೂ ಸಿಟ್ಟು. ಅವಳ ತಾತನ ಕಾಲದಲ್ಲಿ ಅವರು ಸಿಲೋನಿನ ಟೀ ತೋಟಗಳಿಗೆ ಹೋದವರು. ಎರಡು ತಲೆಮಾರು ಕಳೆದ ಮೇಲೆ, ನೀವು ಇಲ್ಲಿಯವರಲ್ಲ ಎಂದು ಅವರನ್ನು ಹಡಗು ಹತ್ತಿಸಿ ವಾಪಸು ಕಳಿಸಿದರು. ಹಡಗಿನಿಂದ ಇಳಿದದ್ದು ಪಾಕ್ಯಕ್ಕ, ಅವಳ ಗಂಡ, ಅವಳ ತಂಗಿ. ತಂಗಿ ತಿರುಪ್ಪೂರಿನ ಕಡೆ ಮದುವೆಯಾಗಿ ಹೋದಳು. ಇವರಿಬ್ಬರು ಯಾರೋ ಮೇಸ್ತ್ರಿಯ ಹಿಂದೆ ಬಂದು ನಮ್ಮ ಲೈನಿಗೆ ಸೇರಿಕೊಂಡರು. ಗಂಡ ನಾನು ನೋಡುವ ಮೊದಲೇ ತೀರಿಕೊಂಡಿದ್ದ. ಮಕ್ಕಳಿರಲಿಲ್ಲ. ನಮ್ಮವ್ವನಿಗೆ ನಾನಾದ ಮೇಲೆ ಬಹಳ ದಿನ ಮೈ ಸರಿಯಿಲ್ಲದ್ದರಿಂದ ನನ್ನನ್ನು ಎತ್ತಿ ಆಡಿಸಿದವಳು ಪಾಕ್ಯಕ್ಕನೇ. ಅವಳ ಸೊಂಟದ ಮೇಲೆ ಕೂತೇ ನಾನು ಮಾತು ಕಲಿತದ್ದು. ಅವಳು ನನ್ನನ್ನು ‘ರಾಸಾತಿ’ ಎಂದು ಕರೆಯುತ್ತಿದ್ದಳು. ತಮಿಳಿನಲ್ಲಿ ಅದು ರಾಣಿ ಎಂದಂತೆ. ಶಾಲೆಗೆ ಸೇರಿಸುವ ದಿನದವರೆಗೂ ಅದೇ ನನ್ನ ಹೆಸರೆಂದು ನಾನು ತಿಳಿದಿದ್ದೆ.

ಎಸ್ಟೇಟಿನ ಜೀಪು ಓಡಿಸುತ್ತಿದ್ದವನು ಜೋಕಿಮಣ್ಣ. ಮನೆಯಲ್ಲಿ ಕೊಂಕಣಿ ಮಾತಾಡುವ ಕ್ರೈಸ್ತ, ಘಟ್ಟದ ಕೆಳಗಿನವನು. ರೈಲು ದಾರಿಯ ಕೆಲಸಕ್ಕೆಂದು ಎಡಕುಮೇರಿಯ ಸುರಂಗಗಳಿಗೆ ಬಂದು, ಆ ಕೆಲಸ ಮುಗಿದ ಮೇಲೆ ಕೆಳಕ್ಕೆ ಇಳಿಯುವ ಬದಲು ಮೇಲಕ್ಕೆ ಹತ್ತಿದವನು. ಸಂತೆಯ ದಿನ ಸಕಲೇಶಪುರಕ್ಕೆ ಹೋದವನು ಬರುವಾಗ ಹಳೇ ಪೇಪರಿನಲ್ಲಿ ಸುತ್ತಿದ ಬ್ರೆಡ್ಡು ತರುತ್ತಿದ್ದ. ಜೀಪು ತಿರುವಿನಲ್ಲಿರುವಾಗಲೇ ಡೀಸೆಲ್ಲಿನ ಹೊಗೆಯ ಜೊತೆ ಆ ವಾಸನೆ ಬರುತ್ತಿತ್ತು ಎಂದು ನಾನು ಇವತ್ತಿಗೂ ಸಾಧಿಸುತ್ತೇನೆ. ನನ್ನ ಗಂಡ ಅದು ಸಾಧ್ಯವೇ ಇಲ್ಲ ಅನ್ನುತ್ತಾರೆ. ಲೈನಿನ ಮಕ್ಕಳೆಲ್ಲ ಓಡಿ ಜೀಪು ಮುತ್ತುತ್ತಿದ್ದೆವು. ಅವನ ಮುಂದೆ ಕೈಚಾಚಿ ‘ಪಾವ್’ ಎನ್ನಬೇಕು, ಆಗ ಒಂದು ತುಂಡು. ಪಾಕ್ಯಕ್ಕನೂ ಅವನಿಂದ ಅರ್ಧ ಪೌಂಡು ತೆಗೆದುಕೊಂಡು ಹೋಗಿ, ಬೆಲ್ಲದ ಚಹಾ ಮಾಡಿ ಹೊಸ್ತಿಲ ಮೇಲೆ ಕೂರುತ್ತಿದ್ದಳು. ಅವಳ ಮುಂದೆ ಹೋಗಿ ‘ಪಾವ್’ ಎಂದರೆ ನಡೆಯುತ್ತಿರಲಿಲ್ಲ. ಅಲ್ಲಿ ಅದು ‘ಪಾಣ್’. ಅದೇ ಬ್ರೆಡ್ಡು, ಜೀಪಿನಿಂದ ಹೊಸ್ತಿಲಿಗೆ ಬರುವಷ್ಟರಲ್ಲಿ ಹೆಸರು ಬದಲಿಸಿಕೊಂಡಿರುತ್ತಿತ್ತು. ಇನ್ನು ನಮ್ಮ ಮನೆಯೊಳಗೆ ಅದು ಬ್ರೆಡ್ಡು. ಜ್ವರ ಬಂದವರಿಗೆ ಮಾತ್ರ, ಹಾಲಿನಲ್ಲಿ ಅದ್ದಿ. ‘ಅದೇನ್ ರುಚಿ ಐತೆ ಅಂತ ತಿಂತೀರೋ, ಹತ್ತಿ ಅಗಿದಂಗೆ’ ಎಂದು ಅವ್ವ ಗೊಣಗುತ್ತಿದ್ದಳು.

ಬ್ರೆಡ್ಡಿಗೊಂದೇ ಅಲ್ಲ, ಲೈನಿನಲ್ಲಿ ಎಲ್ಲಕ್ಕೂ ಇದೇ ಕಟ್ಟಳೆ. ಪದಾರ್ಥ ಯಾರ ಕೈಯಿಂದ ಬರುತ್ತದೋ ಅವರ ಮಾತಿನಲ್ಲೇ ಅದನ್ನು ಕೇಳಬೇಕು. ತುಳುವರ ಮನೆಯ ಮುಂದೆ ತುಳು, ಮರ ಕೊಯ್ಯುವವರ ಗುಡಿಸಲ ಮುಂದೆ ಮಲಯಾಳ, ನಮ್ಮ ಅಡಿಗೆಮನೆಯ ಬಾಗಿಲಲ್ಲಿ ನಮ್ಮವ್ವನ ಕನ್ನಡ. ಯಾರು ಹಾಕಿದ ಕಟ್ಟಳೆ ಎಂದು ದೊಡ್ಡವರಿಗೂ ಗೊತ್ತಿರಲಿಲ್ಲ. ಆದರೆ ಅದನ್ನು ಕಾಯುತ್ತಿದ್ದವಳು ಪಾಕ್ಯಕ್ಕ. ‘ಕೊಟ್ಟ ಕೈ ಯಾರ್ದೋ ಅವ್ರ ಮಾತ್ನಾಗೆ ಕೇಳು, ರಾಸಾತಿ. ನಿನ್ ಮಾತ್ನಾಗೆ ಕೇಳಿದ್ರೆ ಅದು ಕೇಳ್ದಂಗಲ್ಲ, ಕಿತ್ಕಂಡಂಗೆ’ ಎನ್ನುತ್ತಿದ್ದಳು. ಹಡಗು ಇಳಿದ ಮೇಲೆ ಅವರನ್ನು ಇಟ್ಟಿದ್ದ ಶಿಬಿರದಲ್ಲಿ ಸೌಟು ಹಿಡಿದವನ ಮಾತಿನಲ್ಲಿ ಗಂಜಿ ಕೇಳದಿದ್ದರೆ ಸೌಟು ಮುಂದಿನವರ ತಟ್ಟೆಗೆ ಹೋಗುತ್ತಿತ್ತು ಎಂದು ಒಮ್ಮೆ ಹೇಳಿದಳು. ಹಸಿವಿನಲ್ಲಿ ಕಲಿತದ್ದನ್ನು ಅವಳು ನಮಗೆ ಮರ್ಯಾದೆಯೆಂದು ಕಲಿಸಿದಳು. ನಮಗೆ ಅದು ಆಟವಾಗಿತ್ತು, ಐದು ಬಾಗಿಲಿಗೆ ಐದು ನಾಲಿಗೆ.

ಈ ಕಟ್ಟಳೆಯಿಂದ ನಾನು ಶಾಲೆಯಲ್ಲಿ ಏಟು ತಿಂದೆ. ಮೂರನೇ ಕ್ಲಾಸಿನಲ್ಲಿ ಹೊಸದಾಗಿ ಬಂದಿದ್ದ ಮೇಷ್ಟ್ರು ಇಂಗ್ಲಿಷಿನ ಪದ ಒಂದೊಂದೇ ಹೇಳಿ ಅದಕ್ಕೆ ಕನ್ನಡದಲ್ಲಿ ಏನೆನ್ನುತ್ತಾರೆ ಎಂದು ಕೇಳುತ್ತಿದ್ದರು. ಬುಕ್ಕಿಗೆ ಪುಸ್ತಕ, ಟ್ರೀಗೆ ಮರ. ನನ್ನ ಸರದಿಗೆ ಬ್ರೆಡ್ ಬಂತು. ನಾನು ಎದ್ದು ನಿಂತು, ನಿಜವಾಗಿಯೂ ತಿಳಿದುಕೊಳ್ಳಲೆಂದೇ, ‘ಯಾರು ಕೊಟ್ಟಿದ್ದು ಸಾ?’ ಎಂದೆ. ಮೇಷ್ಟ್ರು ಇನ್ನೊಮ್ಮೆ ಕೇಳಿದರು. ನಾನು ಇನ್ನೊಮ್ಮೆ ಅದನ್ನೇ ಹೇಳಿದೆ. ಕ್ಲಾಸು ಗೊಳ್ಳೆಂದಿತು. ತಲೆಹರಟೆ ಎಂದುಕೊಂಡು ಅವರು ಅಂಗೈ ಮೇಲೆ ಎರಡು ಬಿಗಿದರು. ಒಂದು ಪದಾರ್ಥಕ್ಕೆ ಎಲ್ಲರ ಮನೆಯಲ್ಲೂ ಒಂದೇ ಹೆಸರಿರುತ್ತದೆ ಎಂಬುದು ನನಗೆ ಗೊತ್ತೇ ಇರಲಿಲ್ಲ ನೋಡಿ. ಮನೆಗೆ ಬಂದು ಹೇಳಿದಾಗ ಅಪ್ಪ ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ಹೋಗಿ ಲೈನಿನಲ್ಲೆಲ್ಲ ಹೇಳಿದರು. ಲೈನಿನಲ್ಲಿ ಯಾರೂ ನಗಲಿಲ್ಲ. ಇದರಲ್ಲಿ ನಗುವಂಥದ್ದೇನಿದೆ ಎಂದು ಅವರಿಗೆ ಅರ್ಥವಾಗಲಿಲ್ಲ. ತಮಿಳಿನಲ್ಲಿ ಮಗುವಿಗೆ ಪುಳ್ಳೆ ಎನ್ನುವ ಪಾಕ್ಯಕ್ಕ ನನ್ನ ಅಂಗೈಗೆ ಎಣ್ಣೆ ಸವರುತ್ತಾ, ‘ಪುಳ್ಳೆ ಸರ್ಯಾಗೇ ಕೇಳೈತಲ್ಲ ರೈಟರಯ್ಯ. ಆ ಮೇಷ್ಟ್ರಿಗೆ ಯಾರೂ ಏನೂ ಕೊಟ್ಟಿಲ್ಲ ಅನ್ಸುತ್ತೆ’ ಎಂದಳು.

ಅಸ್ಸಾಮಿನ ಹುಡುಗಿ ಬಂದ ದಿನ ನನ್ನ ಮಗಳು ಫೋನಿನಲ್ಲಿ ಹುಡುಕಿ ನೋಡಿ ಹೇಳಿದಳು: ಪಾವ್, ಪಾಣ್, ಪಾಉರುಟಿಯ ಪಾಉ, ಮೂರೂ ಒಂದೇ ಪದ. ಪೋರ್ತುಗೀಸರು ಬ್ರೆಡ್ಡಿಗೆ ಹಾಗೆನ್ನುತ್ತಾರಂತೆ. ಗೋವೆಯ ದಾರಿಯಲ್ಲಿ ಬಂದದ್ದು ಜೋಕಿಮಣ್ಣನ ಜೊತೆ ಘಟ್ಟ ಹತ್ತಿತು. ಸಿಲೋನಿನ ದಾರಿಯಲ್ಲಿ ಬಂದದ್ದು ಪಾಕ್ಯಕ್ಕನ ಜೊತೆ ಹಡಗು ಇಳಿಯಿತು. ಬಂಗಾಳದ ದಾರಿಯಲ್ಲಿ ಹೋದದ್ದು ಇಷ್ಟು ವರ್ಷದ ಮೇಲೆ ಆ ಹುಡುಗಿಯ ಜೊತೆ ನನ್ನ ಅಂಗಡಿಗೆ ಬಂತು. ಬದುಕಿನುದ್ದಕ್ಕೂ ನನ್ನ ಪದ ಸರಿ, ನಿನ್ನದು ತಪ್ಪು ಎಂದು ಕಾದಾಡಿದ ಜೋಕಿಮಣ್ಣನಿಗೂ ಪಾಕ್ಯಕ್ಕನಿಗೂ ಇದನ್ನು ಹೇಳಬೇಕಿತ್ತು. ಜೋಕಿಮಣ್ಣ ಆಗಲೇ ಹೆತ್ತೂರಿನ ಆಚೆ ಮಣ್ಣಾಗಿದ್ದ.

ನಮ್ಮ ಬಾಯಲ್ಲಿ ಇಂಥವು ಬೇಜಾನ್ ಸೇರಿಕೊಂಡಿದ್ದವು. ಬೆಳಿಗ್ಗೆ ಆಳುಗಳು ಸಾಲು ನಿಲ್ಲುವುದಕ್ಕೆ ಬೇರೆ ಎಸ್ಟೇಟಿನಲ್ಲಿ ಮಸ್ಟರ್ ಎಂದರೆ ನಮ್ಮಲ್ಲಿ ‘ಪೆರಟ್ಟು’. ಅದು ಬಿಳಿಯರ ಪೆರೇಡು, ಸಿಲೋನಿನಲ್ಲಿ ತಮಿಳಾಗಿ ಪಾಕ್ಯಕ್ಕನ ಜೊತೆ ಇಲ್ಲಿಗೆ ಬಂದದ್ದು. ಹಾರೆಗೆ ಅವಳು ‘ಅಲವಾಂಗು’ ಎನ್ನುತ್ತಿದ್ದಳು, ಅದೂ ಪೋರ್ತುಗೀಸರದೇ. ಮಲಯಾಳಿಗಳು ಹೋದ ಮೇಲೂ ನಾವು ಮಕ್ಕಳು ಒಬ್ಬರನ್ನೊಬ್ಬರು ಗೆಳೆಯ ಎನ್ನಲು ಅವರ ‘ಚಂಗಾಯಿ’ ಎಂದೇ ಕೂಗುತ್ತಿದ್ದೆವು. ಅರೆಹುಚ್ಚರಂತೆ ಕುಣಿದರೆ ತುಳುವರ ಮನೆಯಿಂದ ‘ಅಂಡೆಪಿರ್ಕಿ’ ಎಂದು ಬೈಗುಳ ಬರುತ್ತಿತ್ತು. ಬೇಸಿಗೆ ರಜೆಗೆ ಅವ್ವನ ತವರಿಗೆ ಹೋದರೆ ಅಲ್ಲಿನ ಮಕ್ಕಳು ನನ್ನನ್ನು ಮಧ್ಯೆ ನಿಲ್ಲಿಸಿಕೊಂಡು ಮಾತಾಡಿಸಿ ನಗುತ್ತಿದ್ದರು. ಸೋದರಮಾವ ಒಮ್ಮೆ ಊಟದ ಮಧ್ಯೆ, ‘ನಿನ್ ಮಗ್ಳು ಕನ್ನಡ ಮರ್ತ್ಬುಟ್ಟವ್ಳೆ ಕಣವ್ವ, ಲೈನಿನ ಕೂಲಿಯೋರಂಗೆ ಮಾತಾಡ್ತಳೆ’ ಎಂದರು. ಅವ್ವ ಎಲೆ ಬಿಟ್ಟು ಎದ್ದಳು. ಮಾರನೇ ದಿನವೇ ನನ್ನನ್ನು ಕರೆದುಕೊಂಡು ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ನನಗೆ, ಸರಿಯಾಗಿ ಮಾತಾಡೋದು ಕಲಿ ಎಂದು ಬೈದಳು. ಮನೆ ತಲುಪಿದ ಮೇಲೆ ಗೋಡೆ ತಟ್ಟಿ ಪಾಕ್ಯಕ್ಕನನ್ನು ಕರೆದು, ತನ್ನಣ್ಣನನ್ನು ಅಂಡೆಪಿರ್ಕಿ ಎಂದು ಬೈದಳು.

ಆಗ ನಗೆಪಾಟಲಾದ ಆ ಮಾತು ಈಗ ಶೋಕಿಯಾಗಿದೆ. ನೀವೂ ನೋಡಿರುತ್ತೀರಿ, ನಮ್ಮ ಕಡೆ ಹೋಂಸ್ಟೇಗಳ ಬೋರ್ಡುಗಳಲ್ಲಿ, ಅಂಗಿಗಳ ಎದೆಯ ಮೇಲೆ, ಫೋನಿನ ವಿಡಿಯೋಗಳಲ್ಲಿ. ಯಾವುದೋ ಪದ ಹಿಡಿದು ‘ನಮ್ಮ ಅಪ್ಪಟ ಮಲೆನಾಡು’ ಎಂದು ಕುಣಿಯುತ್ತಾರೆ. ನನಗೆ ಇದನ್ನು ಕಂಡರೆ ಮೈಯೆಲ್ಲ ಉರಿಯುತ್ತದೆ. ಉರಿದು ಏನು ಮಾಡುವುದು, ನನ್ನ ಗಂಡ ‘ನಿಂಗೆ ಮಾಡೋಕೆ ಕೆಲ್ಸ ಇಲ್ವಾ’ ಎನ್ನುತ್ತಾರೆ. ಅಪ್ಪ, ಅವ್ವ ಇಬ್ಬರೂ ಹೋಗಿ ಆಯಿತು. ರೈಟರ್ ಮನೆಯನ್ನು ಕೆಡವಿ ಕಾಫಿ ಒಣಗಿಸುವ ಕಣ ಮಾಡಿದರು. ಲೈನಿನವರ ಮಕ್ಕಳು ಓದಿಯೋ ಓದದೆಯೋ ಊರು ಬಿಟ್ಟರು. ಈಗ ಕೆಲಸಕ್ಕೆ ಬರುವವರು ಅಸ್ಸಾಂ, ಬಂಗಾಳದವರು. ಅವರಿಗೆ ರಸ್ತೆಯ ಪಕ್ಕ ತಗಡಿನ ಶೆಡ್ಡು. ಲೈನಿನಲ್ಲಿ ಉಳಿದದ್ದು ಪಾಕ್ಯಕ್ಕ ಒಬ್ಬಳೇ, ಅದೇ ಮೊದಲ ಮನೆಯಲ್ಲಿ. ಎಸ್ಟೇಟಿನ ಹಳೇ ಗೌಡರು ಇರುವವರೆಗೆ ಅವಳನ್ನು ಯಾರೂ ಏನೂ ಅನ್ನಲಿಲ್ಲ. ಅವರು ಹೋದ ಮೇಲೆ ಮೊಮ್ಮಗ ಪ್ರೀತು ಎಲ್ಲ ನೋಡಿಕೊಳ್ಳತೊಡಗಿದ. ಕೆಟ್ಟ ಹುಡುಗನಲ್ಲ. ಚಿಕ್ಕವನಿದ್ದಾಗ ನಮ್ಮ ಬೇಕರಿಗೆ ಬಂದರೆ ನನ್ನ ಕೈಯಿಂದಲೇ ಬನ್ನು ಬೇಕೆನ್ನುತ್ತಿದ್ದ.

ಒಂದು ಮಧ್ಯಾಹ್ನ ಪ್ರೀತು ಅಂಗಡಿಗೆ ಬಂದು, ಲೈನನ್ನು ಹೋಂಸ್ಟೇ ಮಾಡುತ್ತಿದ್ದೇನೆ ಅಕ್ಕ, ಒಂದೊಂದು ರೂಮಿಗೂ ನಮ್ಮ ಕಡೆಯ ಹಳೇ ಮಾತೊಂದನ್ನು ಇಡಬೇಕು, ನಿಮಗೇ ಗೊತ್ತಿರೋದು ಎಂದ. ನನಗೆ ಖುಷಿಯೇ ಆಯಿತು. ಕೆಲಸ ಬಿಟ್ಟು ಕೂತು ಹೇಳಿದೆ. ಯಾವ ಪದ ಯಾರದು, ಎಲ್ಲಿಂದ ಬಂತು, ತಂದವರು ಯಾವ ಮನೆಯಲ್ಲಿದ್ದರು, ಎಲ್ಲ. ಅವನು ಫೋನಿನಲ್ಲಿ ಬರೆದುಕೊಂಡ. ಒಂದೆರಡು ತಿಂಗಳಾದ ಮೇಲೆ ಕರೆದನೆಂದು ಹೋಗಿ ನೋಡಿದರೆ ಲೈನಿಗೆ ಹೊಸ ಹೆಂಚು, ಬಾಗಿಲುಗಳಿಗೆ ಹಸಿರು ಬಣ್ಣ. ಪೆರಟ್ಟು ನಿಲ್ಲುತ್ತಿದ್ದ ಅಂಗಳದಲ್ಲಿ ಬೆಂಕಿ ಹಾಕಿ ಕುಣಿಯಲು ಜಾಗ. ಕುಡಿಯಲು ಕೂರುವ ಜಗಲಿಗೆ ‘ಅಂಡೆಪಿರ್ಕಿ’ ಎಂದು ಹೆಸರು. ಗೋಡೆಗೆ ಒರಗಿಸಿದ ತುಕ್ಕು ಹಿಡಿದ ಹಾರೆಯ ಕೆಳಗೆ ‘ಅಲವಾಂಗು’. ಎಲ್ಲದರ ಮೇಲೆ ಒಂದು ಮರದ ಹಲಗೆ: ‘ನಮ್ಮ ಅಪ್ಪಟ ಮಲೆನಾಡ ಮಾತು’. ಯಾರ ಹೆಸರೂ ಇಲ್ಲ. ಕೊನೆಗೆ ಅವನು ಇನ್ನೂ ಬಾಗಿಲಿಗೆ ಹೊಡೆಯದೆ ಇಟ್ಟಿದ್ದ ಒಂದು ಪುಟ್ಟ ಹಲಗೆ ತೋರಿಸಿದ. ಅದರಲ್ಲಿ ಚಂದದ ಅಕ್ಷರದಲ್ಲಿ ‘ರಾಸಾತಿ’ ಎಂದಿತ್ತು. ಹೊಸದಾಗಿ ಮದುವೆಯಾದವರಿಗೆ ಅಂತ ಒಂದು ರೂಮು, ಮೊದಲನೇ ಮನೆಯನ್ನೇ ಮಾಡಬೇಕು, ಅಲ್ಲಿಂದಲೇ ಕಣಿವೆ ಚೆನ್ನಾಗಿ ಕಾಣೋದು ಎಂದ. ಪಾಕ್ಯಕ್ಕನ ತಂಗಿಯ ಮಗಳು ತಿರುಪ್ಪೂರಿನಲ್ಲಿದ್ದಾಳಂತೆ, ಮಾತಾಡಿದ್ದೇನೆ, ಕರೆದುಕೊಂಡು ಹೋಗಲು ಒಪ್ಪಿದ್ದಾಳೆ ಎಂದೂ ಹೇಳಿದ.

ನಾನು ಎಷ್ಟು ಜಗಳವಾಡಿದೆ ಎಂದರೆ ಕಣದಲ್ಲಿ ಕಾಫಿ ಹರಡುತ್ತಿದ್ದವರು ಕೆಲಸ ನಿಲ್ಲಿಸಿ ನೋಡಿದರು. ಮೊದಲು ಆ ದೊಡ್ಡ ಹಲಗೆಯ ಮೇಲೆ ನನ್ನ ಸಿಟ್ಟು.

‘ಇವು ಅಪ್ಪಟ ಮಲೆನಾಡಿನ ಮಾತು ಅಂತ ನಿಂಗೆ ಯಾರೋ ಹೇಳಿದ್ದು? ಯಾರ್ಯಾರದು ಅಂತ ನಾನು ಬಿಡಿಸಿ ಬಿಡಿಸಿ ಹೇಳ್ಲಿಲ್ವಾ?’

‘ಹೇಳಿದ್ರಿ ಅಕ್ಕ. ಆದ್ರೆ ಈ ಪೆರಟ್ಟು, ಅಲವಾಂಗು ಈಗ ಹಾಸನದಲ್ಲಿ ಇಲ್ಲ, ಮಂಗಳೂರಲ್ಲೂ ಇಲ್ಲ. ನಮ್ಮಲ್ಲಿ ಮಾತ್ರ ಐತೆ ಅಂದ್ಮೇಲೆ ನಮ್ದೇ ತಾನೆ?’

ಅವನ ಮಾತಿನಲ್ಲಿ ಅರ್ಧ ನಿಜವಿತ್ತು. ಅದಕ್ಕೇ ನನಗೆ ಇನ್ನಷ್ಟು ರೇಗಿತು. ನೀನು ದಿನಕ್ಕೆ ನೂರು ಸಲ ಹೇಳುವ ಫಸಲು ಎಲ್ಲಿಂದ ಬಂತು ಗೊತ್ತಾ, ಅದು ಅರಬ್ಬಿ. ವಾರದ ಬಟವಾಡೆ ಮರಾಠಿ. ಸ್ಟೋರಿನ ಚಾವಿಯೂ ಪೋರ್ತುಗೀಸರದೇ ಎಂದು ಒದರಿದೆ. ಅವನು ನಕ್ಕ. ‘ನೋಡಿ, ಅವೂ ನಮ್ದಾಗೋದ್ವಲ್ಲ’ ಎಂದ.

‘ಹಂಗಾದ್ರೆ ಪಾಕ್ಯಕ್ಕನೂ ನಮ್ಮೋಳೇ ಅಲ್ವೇನೋ?’

‘ಅದು ಬೇರೆ ಅಕ್ಕ’ ಎಂದ ಪ್ರೀತು. ಹೇಗೆ ಬೇರೆ ಎಂದು ಕೇಳಿದ್ದಕ್ಕೆ ಅವನು ಸಿಟ್ಟಾಗಲಿಲ್ಲ, ಜೋರು ಮಾಡಲಿಲ್ಲ. ವಯಸ್ಸಾಯಿತು, ಒಬ್ಬರೇ ಇದ್ದಾರೆ, ಆನೆ ಓಡಾಡುವ ಜಾಗ, ನಾಳೆ ಹೆಚ್ಚುಕಡಿಮೆಯಾದರೆ ಯಾರು ನೋಡುತ್ತಾರೆ, ಸ್ವಂತ ಜನರ ಹತ್ತಿರ ಇರಲಿ, ಅವರ ಊರು ತಾನೆ ಎಂದ. ಅವಳು ಆ ಊರನ್ನು ಕಂಡದ್ದು ಒಂದೆರಡು ಸಲ, ನೆಂಟಳಾಗಿ. ಇದನ್ನೆಲ್ಲ ಹೇಳಿದೆ. ಅವನು ತಲೆಯಾಡಿಸುತ್ತಲೇ ಇದ್ದ. ಗೋಡೆಗೆ ಹಣೆ ಚಚ್ಚಿಕೊಂಡರೆ ಗೋಡೆಯ ಸದ್ದಾದರೂ ಬರುತ್ತದೆ. ಇವನ ಹತ್ತಿರ ಅದೂ ಇಲ್ಲ. ಲೈನಿನ ಮನೆ ಕೆಲಸ ಇರುವವರೆಗೆ ಮಾತ್ರ, ಇದು ಎಲ್ಲ ಎಸ್ಟೇಟಿನಲ್ಲೂ ನಡೆದುಬಂದದ್ದು. ನನ್ನ ಅಪ್ಪನೇ ಎಷ್ಟು ಜನಕ್ಕೆ ಆ ಮಾತು ಹೇಳಿದ್ದರೋ. ಕೇಳಲು ನನಗೆ ಯಾವ ಹಕ್ಕೂ ಇರಲಿಲ್ಲ, ಇದ್ದದ್ದು ಬರೀ ಹೊಟ್ಟೆಯುರಿ.

ಪಾಕ್ಯಕ್ಕ ಹೊಸ್ತಿಲ ಮೇಲೆ ಕೂತು ಬೆಳ್ಳುಳ್ಳಿ ಬಿಡಿಸುತ್ತಿದ್ದಳು. ಜಗಳವೆಲ್ಲ ಕೇಳಿಸಿತ್ತು. ‘ಬಾ ರಾಸಾತಿ, ಕೂತ್ಕೋ. ಆ ಹುಡ್ಗುನ್ನ ಯಾಕಂಗೆ ಬೈದೆ, ಪಾಪ’ ಎಂದಳು. ನಮ್ಮ ಮನೆಗೆ ಬಾ ಎಂದು ಕರೆದೆ. ಅಂಗಡಿಯ ಮೇಲೆ ಎರಡು ರೂಮಿದೆ, ಒಂದು ಖಾಲಿಯೇ ಇದೆ ಎಂದೆ. ‘ನಿನ್ ಬೇಕ್ರಿ ಮ್ಯಾಲೆ ಕೂತ್ಕಂಡು ನಾನೇನ್ ಮಾಡ್ಲಿ, ಬನ್ನು ಕಾಯ್ಲಾ?’ ಎಂದು ನಕ್ಕಳು. ನಾನು ಬಿಡದೆ ಹಿಡಿದದ್ದಕ್ಕೆ, ತಂಗಿಯ ಮಗಳಿದ್ದೂ ಬೇರೆಯವರ ಮನೆಯಲ್ಲಿ ಇದ್ದರೆ ಸತ್ತುಹೋದ ತಂಗಿಯ ಹೆಸರು ಕೆಡುತ್ತದೆ ಎಂದಳು. ಬೇರೆಯವರು ಎಂದದ್ದು ನನ್ನನ್ನೇ. ಆ ಮಾತು ನನಗೆ ಚುಚ್ಚಿತು, ನಾನೂ ಒಂದು ಬೆಳ್ಳುಳ್ಳಿ ಎತ್ತಿಕೊಂಡು ಬಿಡಿಸತೊಡಗಿದೆ. ಬೆಳ್ಳುಳ್ಳಿ ಮುಗಿಯುವ ಹೊತ್ತಿಗೆ ಅವಳೇ ಮಾತು ತೆಗೆದಳು. ‘ಅಲ್ಲಿ ನನ್ ತಮಿಳು ನಡ್ಯಲ್ಲ ಕಣೆ. ಹೋದ್ಸಲ ಹೋದಾಗ ಅಂಗಡಿಯೋನು ನಕ್ಬುಟ್ಟ. ಸಿಲೋನ್ನಾಗೆ ಇಂಡಿಯಾದೋಳು ಅಂದ್ರು, ಇಲ್ಲಿ ತಮಿಳ್ನೋಳು ಅಂದ್ರು. ಅಲ್ಲಿ ನಾನು ಬಾಯಿ ಬಿಟ್ರೆ ಕನ್ನಡದೋಳು ಅಂತಾರೆ. ಹೋಗೋಕೇನು, ಹೋಯ್ತೀನಿ. ಮಾತಾಡೋದು ಯಾರ್ ಜೊತೆ?’ ಎಂದಳು. ದಿನಾ ಫೋನು ಮಾಡುತ್ತೇನೆ ಎಂದೆ.

ತಂಗಿಯ ಮಗಳು ಕವಿತಾ ಬಂದು ಕರೆದುಕೊಂಡು ಹೋದಳು. ಬನಿಯನ್ ಫ್ಯಾಕ್ಟರಿಯಲ್ಲಿ ಹೊಲಿಯುವ, ಮೆಲ್ಲಗೆ ಮಾತಾಡುವ, ತಮಿಳು ಬಿಟ್ಟರೆ ಬೇರೆ ಮಾತು ಬಾರದ ಹೆಂಗಸು. ದೊಡ್ಡಮ್ಮನನ್ನು ತಮಿಳಿನಲ್ಲಿ ಪೆರಿಯಮ್ಮ ಎಂದು ಕರೆಯುತ್ತಾ ಕೈಹಿಡಿದೇ ನಡೆಸಿದಳು. ಅವಳ ಮೇಲೆ ಸಿಟ್ಟು ಮಾಡಿಕೊಳ್ಳಲೂ ದಾರಿಯಿರಲಿಲ್ಲ. ನಾನು ಫೋನು ಮಾಡುತ್ತಿದ್ದೆ. ಮೊದಮೊದಲು ಪಾಕ್ಯಕ್ಕ ಒಂದೇ ಉಸಿರಿಗೆ ಮಾತಾಡುತ್ತಿದ್ದಳು, ಕಟ್ಟೆ ಒಡೆದಂತೆ. ಅರ್ಧ ವಾಕ್ಯ ತಮಿಳು, ಅರ್ಧ ಹಾಸನದ ಕನ್ನಡ, ನಡುವೆ ತುಳು. ಬಿಸಿಲಂತೆ, ನೀರು ಉಪ್ಪಂತೆ, ಕವಿತಾ ಚಿನ್ನದಂಥವಳಂತೆ. ಪಾವ್, ಪಾಣ್ ಒಂದೇ ಪದವಂತೆ ಎಂದು ನಾನು ಹೇಳಿದ್ದಕ್ಕೆ, ‘ಆ ಜೋಕಿಮ ಬದುಕಿದ್ದಾಗ್ಲೇ ಹೇಳ್ಬಾರ್ದಿತ್ತಾ’ ಎಂದು ಎಷ್ಟೋ ಹೊತ್ತು ನಕ್ಕಳು. ಬರಬರುತ್ತಾ ಮಾತು ಕಡಿಮೆಯಾಯಿತು. ನಾನೇ ಕೇಳುವುದು, ಅವಳು ಹೂಂ ಎನ್ನುವುದು. ಮನೆಯಲ್ಲೂ ಅಷ್ಟೇ, ಮಾತೇ ಆಡುವುದಿಲ್ಲ ಎಂದಳು ಕವಿತಾ. ತಾನು ಹೇಳಿದ್ದು ಕವಿತಾಳ ಮಕ್ಕಳಿಗೆ ತಿಳಿಯದೆ ಅವು ಮತ್ತೆ ಮತ್ತೆ ಏನು ಏನು ಎಂದು ಕೇಳುವುದು ಪಾಕ್ಯಕ್ಕನಿಗೆ ಬೇಸರವಾಗಿರಬೇಕು. ಇಲ್ಲಿ ಮೊದಲ ಮನೆಯ ಬಾಗಿಲಿಗೆ ಆ ಪುಟ್ಟ ಹಲಗೆ ಹೊಡೆದಾಯಿತು ಎಂದು ಜೀಪಿನ ಡ್ರೈವರ್ ಹೇಳಿದ. ನಾನು ನೋಡಲು ಹೋಗಲಿಲ್ಲ. ಪ್ರೀತು ಈಗಲೂ ಬನ್ನಿಗೆ ಬರುತ್ತಾನೆ, ನಾನು ಕೊಡುತ್ತೇನೆ, ಇಬ್ಬರೂ ಮಳೆಯ ವಿಷಯ ಮಾತಾಡುತ್ತೇವೆ.

ಮೊನ್ನೆ ಮಧ್ಯಾಹ್ನ ಅಂಗಡಿಯಲ್ಲಿ ಗಿರಾಕಿಗಳಿದ್ದಾಗ ಕವಿತಾಳ ಫೋನು ಬಂತು. ಪಾಕ್ಯಕ್ಕ ತೀರಿಕೊಂಡು ಆಗಲೇ ಕೆಲವು ದಿನವಾಗಿತ್ತು. ಆ ಸುದ್ದಿ ಅವಳೇ ತಿಳಿಸಿದ್ದಳು, ನಾನು ಹೊರಡುವಷ್ಟರಲ್ಲಿ ಎಲ್ಲ ಮುಗಿದಿತ್ತು. ಈಗ ಅವಳಿಗೆ ಒಂದು ವಿಷಯ ತಿಳಿಯಬೇಕಿತ್ತು. ಕೊನೆಯ ದಿನ ಪೆರಿಯಮ್ಮ ಒಂದೇ ಮಾತನ್ನು ಹೇಳುತ್ತಲೇ ಇದ್ದರು, ಏನೋ ಕೇಳುತ್ತಿದ್ದಾರೆ ಎಂದುಕೊಂಡು ನೀರು ಕೊಟ್ಟೆ, ಹಾಲು ಕಾಯಿಸಿ ತಂದೆ, ಫ್ಯಾನು ಹಾಕಿದೆ, ಆರಿಸಿದೆ, ವಿಭೂತಿ ತಂದು ಹಣೆಗೆ ಇಟ್ಟೆ, ಪಕ್ಕದ ಬೀದಿಗೆ ಓಡಿ ಎಳನೀರು ತಂದೆ. ಏನು ತಂದರೂ ನನ್ನ ಮುಖ ನೋಡಿ ಅದೇ ಮಾತು ಎಂದಳು. ಯಾರಿಗೂ ಗೊತ್ತಾಗಲಿಲ್ಲ ಅಕ್ಕ, ಏನು ಬೇಕಿತ್ತು ಪೆರಿಯಮ್ಮಂಗೆ, ನಾನು ಏನು ಕೊಡಬೇಕಿತ್ತು ಎಂದು ಕೇಳಿದಳು. ಯಾವ ಮಾತು ಎಂದೆ. ಅವಳು ಪಾಠ ಒಪ್ಪಿಸುವ ಮಗುವಿನಂತೆ ನಿಧಾನವಾಗಿ ಹೇಳಿದಳು: ‘ಇರ್ಲಿ ಬುಡು, ಇರ್ಲಿ ಬುಡು.’

ನಮ್ಮವ್ವನ ಕಡೆಯ ಮಾತು ಅದು. ಆಲೂರಿನ ಬಸ್ಸಿನಲ್ಲಿ, ಸಂತೆಯಲ್ಲಿ, ನನ್ನ ಅಂಗಡಿಯ ಮುಂದೆ ದಿನಕ್ಕೆ ಹತ್ತು ಸಲ ಕಿವಿಗೆ ಬೀಳುವಂಥದ್ದು. ನಾನು ಗಲ್ಲಾ ಬಿಟ್ಟು ಹಿಂದಿನ ಹಿಟ್ಟಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡೆ. ಪೆರಿಯಮ್ಮ ಏನೂ ಕೇಳಲಿಲ್ಲ ಕವಿತಾ, ಇರಲಿ ಬಿಡು, ನೀನು ಓಡಾಡಬೇಡ ಅಂತ ನಿನಗೇ ಹೇಳುತ್ತಿದ್ದಳು ಎಂದು ನನಗೆ ಬರುವ ತಮಿಳಿನಲ್ಲಿ ಹೇಳಿದೆ. ಆ ಕಡೆ ಅವಳು ಅತ್ತಳು. ನಾನೂ ಅತ್ತೆ. ಅಳು ನಿಂತ ಮೇಲೆ, ‘ನೀವು ಪೆರಿಯಮ್ಮನ ಥರಾನೇ ಮಾತಾಡ್ತೀರಿ ಅಕ್ಕ. ಫೋನು ಇಡಬೇಡಿ, ಇನ್ನೊಂಚೂರು ಮಾತಾಡಿ’ ಎಂದಳು. ಹೊರಗೆ ನನ್ನ ಗಂಡ ಕೂಗುತ್ತಿದ್ದರು. ಏನು ಮಾತಾಡುವುದೆಂದು ತೋಚದೆ, ಲೈನಿನಲ್ಲಿ ಯಾವ ಮನೆಯಲ್ಲಿ ಯಾರಿದ್ದರು ಎಂದು ಮೊದಲ ಮನೆಯಿಂದ ಶುರುಮಾಡಿ ಹೇಳುತ್ತಾ ಹೋದೆ.